ತೋಳಿನ ಮೂಳೆಯಲ್ಲಿ ಒಂದು ತೂತು: ಅನಾಟಮಿಯಲ್ಲಿ ಮೊದಲ ಸಂಶೋಧನೆ ಮಾಡುವುದು, ಅದನ್ನೇ ಪಾಠ ಮಾಡುವುದು ಹೇಗೆ

ಅನಾಟಮಿಯಲ್ಲಿ ಏನಾದರೂ ಸಂಶೋಧನೆ ಮಾಡಬೇಕು ಅನ್ನಿಸಿದ ವಿದ್ಯಾರ್ಥಿಗೆ ಮೊದಲು ಕಾಡುವ ಅನುಮಾನ ಒಂದೇ. ಎಲ್ಲಾ ಪುಸ್ತಕದಲ್ಲೇ ಇದೆಯಲ್ಲ, ಇನ್ನೇನು ಹುಡುಕೋದು? ಅದರ ಹಿಂದೆಯೇ ಇನ್ನೊಂದು ಬರುತ್ತದೆ: ಲ್ಯಾಬ್ ಇಲ್ಲ, ದುಡ್ಡಿಲ್ಲ, ನನ್ನಿಂದ ಆಗುತ್ತಾ?

ವಿಭಾಗದ ಒಂದು ಮೂಲೆಯಲ್ಲಿ ಮೂಳೆ ತುಂಬಿಟ್ಟ ಪೆಟ್ಟಿಗೆ ಇರುತ್ತದೆ. ಅದರಿಂದ ಹತ್ತು ಹ್ಯೂಮರಸ್, ಅಂದರೆ ಭುಜದಿಂದ ಮೊಣಕೈವರೆಗಿನ ಮೂಳೆ, ಎತ್ತಿ ಮೇಜಿನ ಮೇಲೆ ಸಾಲಾಗಿ ಇಡಿ. ಹತ್ತೂ ಬೇರೆ ಬೇರೆ. ಒಂದರ ಹಿಂಬದಿಯ ಓರೆ ಕಾಲುವೆ, ರೇಡಿಯಲ್ ಗ್ರೂವ್, ಆಳವಾಗಿದೆ, ಇನ್ನೊಂದರಲ್ಲಿ ಬೆರಳಿಗೇ ಸಿಗುವುದಿಲ್ಲ. ಒಂದರಲ್ಲಿ ರಕ್ತನಾಳ ನುಗ್ಗುವ ತೂತು ಒಂದು, ಇನ್ನೊಂದರಲ್ಲಿ ಎರಡು. ಪುಸ್ತಕ ಹೇಳುವುದು ಹೆಚ್ಚಿನವರಲ್ಲಿ ಹೇಗಿರುತ್ತದೆ ಅಂತ. ಉಳಿದವರಲ್ಲಿ ಎಲ್ಲಿ, ಎಷ್ಟು, ಎಷ್ಟು ದೂರ ಎಂಬುದು ಯಾರಾದರೂ ಕೂತು ಅಳೆದರೆ ಮಾತ್ರ ಗೊತ್ತಾಗುತ್ತದೆ.

ಅಳೆಯದೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. ಕೆಳದವಡೆ ಎರಡು ಮೂಳೆಗಳಿಂದ ಆದದ್ದು ಅಂತ ಪ್ರಾಚೀನ ಗ್ರೀಕ್ ವೈದ್ಯ ಗೇಲೆನ್ ಬರೆದಿದ್ದ. ಅವನು ಕೊಯ್ದು ನೋಡಿದ್ದು ಹೆಚ್ಚಾಗಿ ಪ್ರಾಣಿಗಳನ್ನು. ಆ ಮಾತು ಸಾವಿರ ವರ್ಷಕ್ಕೂ ಜಾಸ್ತಿ ನಡೆಯಿತು. ಮನುಷ್ಯರಲ್ಲಿ ಅದು ಒಂದೇ ಮೂಳೆ ಅಂತ ಅನಾಟಮಿ ಪಂಡಿತ ವೆಸೇಲಿಯಸ್ 1543ರ ತನ್ನ ಪುಸ್ತಕದಲ್ಲಿ ತೋರಿಸಿದ.

ಈ ಬರಹದಲ್ಲಿ ಒಂದೇ ಒಂದು ಅಧ್ಯಯನವನ್ನು ಶುರುವಿನಿಂದ ಕೊನೆವರೆಗೆ ಮಾಡೋಣ: ಹ್ಯೂಮರಸ್‌ನ ನ್ಯೂಟ್ರಿಯೆಂಟ್ ಫೋರಾಮೆನ್. ಅಂದರೆ ಮೂಳೆಯ ನಡುಕಾಂಡದೊಳಗೆ ರಕ್ತ ಒಯ್ಯುವ ನಾಳ ನುಗ್ಗುವ ತೂತು. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಸಲಕರಣೆ ಕಮ್ಮಿ ಸಾಕು. ತಪ್ಪು ಮಾಡಿದರೆ ಮತ್ತೆ ಅಳೆಯಬಹುದು, ಮೂಳೆ ಎಲ್ಲೂ ಓಡಿಹೋಗುವುದಿಲ್ಲ. ಜೊತೆಗೆ ಮೂಳೆ ಆಪರೇಷನ್ ಮಾಡುವವರಿಗೆ ಇದು ನಿಜವಾಗಿ ಬೇಕಾದ ಮಾಹಿತಿ. ಪ್ಲೇಟ್ ಕೂರಿಸುವಾಗ ಈ ನಾಳಕ್ಕೆ ಪೆಟ್ಟು ಬಿದ್ದರೆ ಮುರಿದ ಮೂಳೆ ಕೂಡುವುದು ತಡವಾಗಬಹುದು.

ಮೊದಲು ಪ್ರಶ್ನೆ, ಆಮೇಲೆ ಮೂಳೆ

"ಹ್ಯೂಮರಸ್ ಬಗ್ಗೆ ಅಧ್ಯಯನ" ಅನ್ನುವುದು ಪ್ರಶ್ನೆಯೇ ಅಲ್ಲ. ಪ್ರಶ್ನೆ ಅಂದರೆ ಹೀಗಿರಬೇಕು: ನಮ್ಮ ಸಂಗ್ರಹದ ದೊಡ್ಡವರ ಹ್ಯೂಮರಸ್‌ಗಳಲ್ಲಿ ಎಷ್ಟು ಫೋರಾಮೆನ್ ಇವೆ, ಯಾವ ಮುಖದ ಮೇಲಿವೆ, ಮೂಳೆಯ ಉದ್ದದಲ್ಲಿ ಎಷ್ಟನೇ ಭಾಗದಲ್ಲಿವೆ, ಯಾವ ಕಡೆಗೆ ವಾಲಿವೆ? ಎಡ ಬಲಕ್ಕೆ ವ್ಯತ್ಯಾಸ ಇದೆಯಾ?

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೈಡ್‌ಗೆ ತೋರಿಸಿ. ಅವರು ಏನಾದರೂ ಸೇರಿಸು ಅಂದರೆ ಸೇರಿಸಿ. ನೀವಾಗಿ ಮಾತ್ರ "ಇದೂ ಇರಲಿ, ಅದೂ ಇರಲಿ" ಅಂತ ಹತ್ತು ಅಳತೆ ತುರುಕಬೇಡಿ. ಮೂವತ್ತನೇ ಮೂಳೆ ಹೊತ್ತಿಗೆ ಕಣ್ಣು ಸೋಲುತ್ತದೆ, ಆಗ ಬರೆದ ಸಂಖ್ಯೆಗಳಿಗೆ ಬೆಲೆ ಇರುವುದಿಲ್ಲ.

ಅನುಮತಿ

ಒಣಗಿದ ಮೂಳೆ ತಾನೇ, ಎಥಿಕ್ಸ್ ಕಮಿಟಿ ಯಾಕೆ ಅಂತ ಕೇಳುವವರಿದ್ದಾರೆ. ಸಮಿತಿ ನಿಮಗೆ ವಿನಾಯಿತಿ ಕೊಡಬಹುದು. ಆದರೆ ಕೊಡಬೇಕಾದವರು ಅವರು, ನೀವಲ್ಲ. ಆ ಪತ್ರ ಅಳತೆ ಶುರು ಮಾಡುವ ಮೊದಲೇ ಕೈಯಲ್ಲಿರಬೇಕು. ಆಮೇಲೆ ತರುತ್ತೇನೆ ಅಂದರೆ ಅನೇಕ ಪತ್ರಿಕೆಗಳು ಲೇಖನ ವಾಪಸ್ ಕಳಿಸುತ್ತವೆ.

ಇದು ಬರೀ ಕಾಗದದ ಕಾಟ ಅಲ್ಲ. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಸಿಕ್ಕಿಬಿದ್ದರು. ಹದಿನಾರು ಜನರನ್ನು ಕೊಂದು ಹೆಣಗಳನ್ನು ಅನಾಟಮಿ ಪಾಠಕ್ಕೆ ಮಾರಿದ್ದರು. ಬ್ರಿಟನ್ನಿನ 1832ರ ಅನಾಟಮಿ ಕಾಯ್ದೆ ಬಂದದ್ದು ಇಂಥದ್ದರ ಬೆನ್ನಿಗೆ. ನಿಮ್ಮ ಕೈಯಲ್ಲಿರುವ ಹ್ಯೂಮರಸ್ ಕೂಡ ಒಬ್ಬರ ತೋಳೇ ಆಗಿತ್ತು. ಹಾಗಾಗಿ ಮೂಳೆ ಎಲ್ಲಿಂದ ಬಂತು ಅನ್ನುವ ದಾಖಲೆ ವಿಭಾಗದಲ್ಲಿ ಇದೆಯೇ ಕೇಳಿ, ಅದನ್ನು ಲೇಖನದಲ್ಲೂ ಬರೆಯಿರಿ. ಮೂಳೆ ಹಿಡಿದು ಸೆಲ್ಫಿ ಬೇಡ. ಅದನ್ನು ಮನೆಗೆ ಒಯ್ದು ಅಳೆಯುವುದೂ ಬೇಡ.

ಯಾವ ಮೂಳೆ ಬೇಕು, ಯಾವುದು ಬೇಡ

ಇದನ್ನು ಅಳತೆಗೆ ಮೊದಲೇ ತೀರ್ಮಾನಿಸಿ ಬರೆದಿಡಿ. ತುದಿ ಮುರಿದದ್ದು ಬೇಡ, ಪೂರ್ತಿ ಉದ್ದ ಸಿಗುವುದಿಲ್ಲ. ತುದಿ ಇನ್ನೂ ಕಾಂಡಕ್ಕೆ ಕೂಡದ ಮಕ್ಕಳ ಮೂಳೆ ಬೇಡ. ಹಿಂದೆ ಮುರಿದು ಸೊಟ್ಟಗೆ ಕೂಡಿದ್ದು, ಗೆಡ್ಡೆ ಬಂದದ್ದು ಬೇಡ. ಎಷ್ಟು ಬಿಟ್ಟಿರಿ, ಯಾಕೆ ಬಿಟ್ಟಿರಿ ಅನ್ನುವ ಲೆಕ್ಕವೂ ಇರಲಿ.

ನಂತರ ಎಡವೋ ಬಲವೋ ಗುರುತಿಸಬೇಕು. ದುಂಡು ತಲೆ ಮೇಲಕ್ಕೆ ಬರಲಿ, ಅದು ದೇಹದ ಒಳಮಗ್ಗುಲಿಗೆ ಮುಖ ಮಾಡಿರಲಿ. ಕೆಳಗಿನ ದೊಡ್ಡ ಗುಳಿ, ಒಲೆಕ್ರೆನನ್ ಫಾಸಾ, ಹಿಂದಕ್ಕೆ ಬರಲಿ. ಈಗ ಮೂಳೆ ನಿಮ್ಮ ಯಾವ ತೋಳಿಗೆ ಹೊಂದುತ್ತದೋ ಅದೇ ಬದಿ.

ಪ್ರತಿ ಮೂಳೆಗೂ ಒಂದು ಸಂಖ್ಯೆ ಕೊಡಿ. ಮೂಳೆಯ ಮೇಲೆ ಪೆನ್ನಿನಲ್ಲಿ ಬರೆಯಬೇಡಿ, ದಾರ ಕಟ್ಟಿ ಚೀಟಿ ತೂಗಿಸಿ. ಎಷ್ಟು ಮೂಳೆ ಬೇಕು ಅನ್ನುವ ಪ್ರಶ್ನೆಗೆ ಸ್ಟಾಟಿಸ್ಟಿಕ್ಸ್ ಬಲ್ಲವರ ಹತ್ತಿರ ಒಂದರ್ಧ ಗಂಟೆ ಕೂತುಕೊಳ್ಳಿ. "ಇದ್ದಷ್ಟು ತಗೊಂಡೆವು" ಅನ್ನುವುದೂ ಒಂದು ಉತ್ತರವೇ, ಆದರೆ ಹಾಗಂತ ನೇರವಾಗಿ ಬರೆಯಬೇಕು.

ನಿಜವಾದ ತೂತು ಯಾವುದು?

ಇಡೀ ಅಧ್ಯಯನದ ಜೀವ ಇರುವುದು ಇಲ್ಲಿ. ಒಂದು ಹ್ಯೂಮರಸ್ ಕೈಗೆ ತೆಗೆದುಕೊಳ್ಳಿ. ಕಿಟಕಿ ಪಕ್ಕ ಹೋಗಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಿರಿ. ನೇರ ಬೆಳಕಿನಲ್ಲಿ ಸಣ್ಣ ತೂತು ಕಾಣುವುದೇ ಇಲ್ಲ. ಕಾಂಡದ ನಡುಭಾಗಕ್ಕೆ ಬನ್ನಿ, ಕೊರಾಕೋಬ್ರೇಕಿಯಾಲಿಸ್ ಸ್ನಾಯು ಅಂಟುವ ಜಾಗದ ಆಸುಪಾಸು. ಅಲ್ಲಿಂದ ಒಳಅಂಚು ಮತ್ತು ಮುಂದಿನ ಒಳಮುಖದ ಮೇಲೆ ಹೆಬ್ಬೆರಳಿನ ಉಗುರನ್ನು ನಿಧಾನಕ್ಕೆ ಕೆಳಗೆ ಎಳೆಯಿರಿ. ಉಗುರು ಒಂದು ಕಡೆ ಸಣ್ಣ ಕಾಲುವೆಗೆ ಇಳಿದು ಅದರ ತುದಿಯ ಅಂಚಿಗೆ ತಟ್ಟನೆ ತಾಗಿ ನಿಲ್ಲುತ್ತದೆ. ಅದೇ.

ಗುರುತು ಎರಡು. ತೂತಿಗೆ ದಾರಿ ತೋರುವ ಕಾಲುವೆ ಇರಬೇಕು. ಬಾಯಿಯ ಅಂಚು ಸ್ವಲ್ಪ ಎದ್ದು ನುಣುಪಾಗಿರಬೇಕು. ಈ ಎರಡೂ ಇಲ್ಲದ ತೂತುಗಳು ಬೇಕಾದಷ್ಟು ಕಾಣುತ್ತವೆ. ಮೂಳೆಯ ಎರಡೂ ತುದಿಗಳಲ್ಲಿ ಜರಡಿ ಹಾಗೆ ಸಣ್ಣ ಸಣ್ಣ ತೂತುಗಳಿವೆ, ಅವು ತುದಿಗೆ ರಕ್ತ ಕೊಡುವ ಬೇರೆ ನಾಳಗಳದ್ದು. ನಮ್ಮ ಲೆಕ್ಕಕ್ಕೆ ಕಾಂಡದ ಮೇಲಿನವು ಮಾತ್ರ. ಇನ್ನು ಅಸ್ಥಿಪಂಜರ ಜೋಡಿಸಲು ಯಾರೋ ಎಂದೋ ತಂತಿ ಪೋಣಿಸಲು ಕೊರೆದ ತೂತು! ದುಂಡಗೆ, ನೆಟ್ಟಗೆ, ಚೊಕ್ಕವಾಗಿರುತ್ತದೆ. ಅಷ್ಟು ಚೊಕ್ಕವಾಗಿದ್ದರೆ ಅನುಮಾನ ಪಡಿ.

ಇನ್ನೂ ಅನುಮಾನ ಇದ್ದರೆ ಸೂಜಿ ಹಾಕಿ ನೋಡಿ. ಮೊನೆ ಮೊಂಡಾಗಿಸಿದ ಇಂಜೆಕ್ಷನ್ ಸೂಜಿ ಸಾಕು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ತೆಳು: 20 ಗೇಜ್ ಅಂದರೆ ಸುಮಾರು 0.9 ಮಿ.ಮೀ., 24 ಗೇಜ್ ಅಂದರೆ ಸುಮಾರು 0.55 ಮಿ.ಮೀ. ಹಲವು ಅಧ್ಯಯನಗಳಲ್ಲಿ 24 ಗೇಜ್ ಸೂಜಿ ಹೋಗುವ ತೂತನ್ನು ಮುಖ್ಯ ಫೋರಾಮೆನ್ ಅಂತಲೂ, ಅದಕ್ಕಿಂತ ಸಣ್ಣದನ್ನು ಎರಡನೇ ದರ್ಜೆಯದು ಅಂತಲೂ ಎಣಿಸುತ್ತಾರೆ. ನೀವೂ ಅದನ್ನೇ ಹಿಡಿದರೆ ನಿಮ್ಮ ಸಂಖ್ಯೆಯನ್ನು ಅವರದ್ದರ ಜೊತೆ ಇಟ್ಟು ನೋಡಬಹುದು. ಸೂಜಿಯನ್ನು ಒತ್ತಬೇಡಿ. ಒಳಗೆ ಮುರಿದರೆ ಮೂಳೆಯೂ ಹಾಳು, ಮುಂದೆ ಎತ್ತಿಕೊಳ್ಳುವವರ ಬೆರಳಿಗೂ ಅಪಾಯ.

ಸೂಜಿ ಒಳಹೋದಾಗ ಅದು ಯಾವ ಕಡೆ ವಾಲುತ್ತದೆ ನೋಡಿ. ಹ್ಯೂಮರಸ್‌ನಲ್ಲಿ ಸೂಜಿಯ ಮೊನೆ ಮೊಣಕೈ ಕಡೆ ಹೋಗುತ್ತದೆ. ಮುಂದೋಳಿನ ಎರಡು ಮೂಳೆ ರೇಡಿಯಸ್, ಅಲ್ನಾಗಳಲ್ಲೂ ಮೊಣಕೈ ಕಡೆಗೇ. ಕಾಲಿನ ಉದ್ದ ಮೂಳೆಗಳಾದ ಫೀಮರ್, ಟಿಬಿಯಾ, ಫಿಬ್ಯುಲಾದಲ್ಲಿ ಮೊಣಕಾಲಿನಿಂದ ದೂರ. "ಮೊಣಕೈಯತ್ತ ನಡೆ, ಮೊಣಕಾಲು ಬಿಟ್ಟು ಓಡು" ಅಂತ ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಎಲ್ಲರೂ ಬಾಯಿಪಾಠ ಮಾಡುವುದು ಇದನ್ನೇ. ಕಾರಣ ಬೆಳವಣಿಗೆಯಲ್ಲಿದೆ. ಹ್ಯೂಮರಸ್ ಉದ್ದವಾಗುವುದು ಬಹುಪಾಲು ಭುಜದ ತುದಿಯಲ್ಲಿ. ಆ ತುದಿ ಜಾಸ್ತಿ ಬೆಳೆದು ದೂರ ಸರಿದಂತೆ ನಾಳದ ದಾರಿ ಓರೆಯಾಗಿ, ಬೆಳೆಯುವ ತುದಿಗೆ ಬೆನ್ನು ಮಾಡುತ್ತದೆ. ಒಮ್ಮೆ ಸೂಜಿ ಹಾಕಿ ನೋಡಿದವರಿಗೆ ಆ ಬಾಯಿಪಾಠದ ಸಾಲು ಬೇಕಾಗುವುದೇ ಇಲ್ಲ.

ಅಳತೆ

ಪೂರ್ತಿ ಉದ್ದಕ್ಕೆ ಆಸ್ಟಿಯೋಮೆಟ್ರಿಕ್ ಬೋರ್ಡ್ ಬೇಕು. ಒಂದು ತುದಿಯಲ್ಲಿ ಅಲ್ಲಾಡದ ಹಲಗೆ, ಇನ್ನೊಂದು ಕಡೆ ಜರುಗುವ ಹಲಗೆ, ನಡುವೆ ಅಳತೆಪಟ್ಟಿ. ಹ್ಯೂಮರಸ್‌ನ ತಲೆಯ ತುತ್ತತುದಿ ಒಂದು ಹಲಗೆಗೆ ತಾಗಲಿ, ಮೊಣಕೈ ಕೀಲಿನ ರಾಟೆಯಂಥ ಭಾಗ ಟ್ರೋಕ್ಲಿಯಾದ ಕೆಳತುದಿ ಇನ್ನೊಂದಕ್ಕೆ.

ತಲೆಯಿಂದ ಫೋರಾಮೆನ್‌ವರೆಗಿನ ದೂರಕ್ಕೆ ಎಲ್ಲರೂ ಡಿಜಿಟಲ್ ವರ್ನಿಯರ್ ಹಿಡಿದು ಹೊರಡುತ್ತಾರೆ. ಸಾಮಾನ್ಯವಾಗಿ ಸಿಗುವ ವರ್ನಿಯರ್ ಬಾಯಿ ತೆರೆಯುವುದು 150 ಮಿ.ಮೀ. ಮಾತ್ರ. ಹ್ಯೂಮರಸ್‌ನ ಫೋರಾಮೆನ್ ಬಹಳ ಸಲ ಅದಕ್ಕಿಂತ ಕೆಳಗೇ ಇರುತ್ತದೆ. 300 ಮಿ.ಮೀ.ದು ಸಿಕ್ಕರೆ ಸರಿ. ಇಲ್ಲದಿದ್ದರೆ ಫೋರಾಮೆನ್ ಮಟ್ಟದಲ್ಲಿ ಮೂಳೆಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಮೂಳೆ ಬೋರ್ಡಿನ ಮೇಲೆ ಇದ್ದಂತೆಯೇ ಬ್ಯಾಂಡಿಗೆ ಒಂದು ಸೆಟ್ ಸ್ಕ್ವೇರ್ ತಾಗಿಸಿ ನಿಲ್ಲಿಸಿ, ಅದರ ಬುಡ ಅಳತೆಪಟ್ಟಿಯ ಮೇಲೆ ಎಲ್ಲಿ ಕೂತಿದೆ ಓದಿ. ಒಂದು ಮಿಲಿಮೀಟರ್‌ವರೆಗೆ ಸರಿಯಾಗಿ ಸಿಗುತ್ತದೆ. ಹಾಗಿರುವಾಗ ಲೇಖನದಲ್ಲಿ 171.43 ಅಂತ ಬರೆದು ಜಂಬ ಕೊಚ್ಚಬೇಡಿ.

ಇನ್ನೊಂದು ಮಾತು. ನಾನು ಮೊದಲ ಸಲ ಇಂಥ ಅಳತೆ ಮಾಡಿದಾಗ ನಲವತ್ತು ಮೂಳೆ ಮುಗಿಸಿದ ಮೇಲೆ ಗೊತ್ತಾಯಿತು, ಕೆಲವನ್ನು ತಲೆಯ ತುದಿಯಿಂದ ಅಳೆದಿದ್ದೆ, ಕೆಲವನ್ನು ತಲೆಯ ಪಕ್ಕದ ಉಬ್ಬು, ಗ್ರೇಟರ್ ಟ್ಯೂಬರ್ಕಲ್ ತುದಿಯಿಂದ. ಯಾವುದು ಯಾವುದು ಅಂತ ನೆನಪಿಲ್ಲ. ನಲವತ್ತೂ ಮತ್ತೆ ಅಳೆದೆ. ಅದಕ್ಕೇ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಚಿತ್ರ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ಈಗ ಎರಡು ಅಳತೆಯಿಂದ ಫೋರಾಮಿನಲ್ ಇಂಡೆಕ್ಸ್ ತೆಗೆಯಬೇಕು. ಫೋರಾಮೆನ್‌ವರೆಗಿನ ದೂರವನ್ನು ಪೂರ್ತಿ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ. ಉದಾಹರಣೆಗೆ ದೂರ 171, ಉದ್ದ 302 ಆದರೆ ಇಂಡೆಕ್ಸ್ 56.6. ಇದು 33.33ರವರೆಗೆ ಇದ್ದರೆ ಮೇಲಿನ ಮೂರನೇ ಒಂದು ಭಾಗ, 66.66ರವರೆಗೆ ನಡುವಿನದು, ಅದಕ್ಕಿಂತ ಜಾಸ್ತಿ ಇದ್ದರೆ ಕೆಳಗಿನದು. ನಮ್ಮ ಉದಾಹರಣೆಯದು ನಡುಭಾಗದಲ್ಲಿ, ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಹ್ಯೂಮರಸ್‌ನಲ್ಲಿ ಹೆಚ್ಚಾಗಿ ಸಿಗುವುದೂ ಅಲ್ಲೇ. ಎರಡನೇ ತೂತು ಇದೆಯಾ ಅಂತ ಹಿಂದುಗಡೆ, ರೇಡಿಯಲ್ ಗ್ರೂವ್ ಒಳಗೂ ತಪ್ಪದೆ ಹುಡುಕಿ. ಒಂದೂ ಸಿಗದ ಮೂಳೆಯೂ ಬರುತ್ತದೆ. ಗಾಬರಿ ಬೇಡ. ಅಂಥದ್ದಕ್ಕೆ ಮೇಲ್ಪೊರೆಯ ನಾಳಗಳಿಂದ ರಕ್ತ ಸಿಗುತ್ತದೆ. "ಇಲ್ಲ" ಅನ್ನುವುದೂ ಒಂದು ಫಲಿತಾಂಶ, ಬರೆದುಕೊಳ್ಳಿ.

ನಿಮ್ಮ ಕೈಯನ್ನೇ ಪರೀಕ್ಷೆ ಮಾಡಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಒಂದು ವಾರ ಬಿಟ್ಟು ಹದಿನೈದು ಇಪ್ಪತ್ತು ಮೂಳೆಗಳನ್ನು ಮತ್ತೆ ಅಳೆಯಿರಿ, ಹಳೆಯ ಹಾಳೆ ನೋಡದೆ. ಎರಡು ಅಳತೆಯ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲಾ ಕೂಡಿಸಿ, ಮೂಳೆಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಇದಕ್ಕೆ ಟೆಕ್ನಿಕಲ್ ಎರರ್ ಆಫ್ ಮೆಷರ್‌ಮೆಂಟ್ ಅಂತ ಹೆಸರು.

ಸುಮ್ನೆ ಐದು ಮೂಳೆಯಲ್ಲಿ ಮಾಡಿ ನೋಡೋಣ. ವ್ಯತ್ಯಾಸ 1, 0, 1, 2, 0 ಮಿ.ಮೀ. ಅಂದುಕೊಳ್ಳಿ. ವರ್ಗಗಳ ಮೊತ್ತ 6. ಅದನ್ನು 10ರಿಂದ ಭಾಗಿಸಿದರೆ 0.6. ವರ್ಗಮೂಲ ಸುಮಾರು 0.77 ಮಿ.ಮೀ. ಸರಾಸರಿ ದೂರ 170 ಇದ್ದರೆ ತಪ್ಪು ಅರ್ಧ ಶೇಕಡಾಕ್ಕೂ ಕಮ್ಮಿ. ಚಿಂತೆ ಇಲ್ಲ. ಇದೇ 0.77 ನಿಮ್ಮ ಎಡ ಬಲದ ವ್ಯತ್ಯಾಸಕ್ಕಿಂತ ದೊಡ್ಡದಾಗಿದ್ದರೆ ಆ ವ್ಯತ್ಯಾಸದ ಬಗ್ಗೆ ಜೋರಾಗಿ ಮಾತಾಡುವ ಹಾಗಿಲ್ಲ.

ಸ್ನೇಹಿತರೊಬ್ಬರಿಂದಲೂ ಅದೇ ಮೂಳೆಗಳನ್ನು ಅಳೆಸಿ. ನೀವು ಎರಡು ಫೋರಾಮೆನ್ ಅಂದ ಕಡೆ ಅವರು ಒಂದೇ ಅಂದರೆ ಜಗಳ ಆಡಿ. ಆ ಜಗಳದಲ್ಲೇ ನಿಮ್ಮ ನಿಯಮ ಚೊಕ್ಕವಾಗುವುದು.

ಎಕ್ಸೆಲ್ ಹಾಳೆ ಮತ್ತು ಲೆಕ್ಕ

ಎರಡು ಹಾಳೆ ಮಾಡಿ. ಒಂದರಲ್ಲಿ ಒಂದು ಮೂಳೆಗೆ ಒಂದು ಸಾಲು: ಸಂಖ್ಯೆ, ಬದಿ, ಉದ್ದ, ಎಷ್ಟು ಫೋರಾಮೆನ್. ಇನ್ನೊಂದರಲ್ಲಿ ಒಂದು ಫೋರಾಮೆನ್‌ಗೆ ಒಂದು ಸಾಲು: ಮೂಳೆಯ ಸಂಖ್ಯೆ, ದೂರ, ಯಾವ ಮುಖ, ಯಾವ ದಿಕ್ಕು, ಎಷ್ಟು ಗೇಜ್. ಎಲ್ಲವನ್ನೂ ಒಂದೇ ಹಾಳೆಗೆ ತುಂಬಿದರೆ ಎರಡು ತೂತಿನ ಮೂಳೆಯ ಉದ್ದ ಎರಡು ಸಲ ಲೆಕ್ಕಕ್ಕೆ ಬಂದು ಸರಾಸರಿ ಕೆಡುತ್ತದೆ.

ಲೆಕ್ಕ ಸರಳ. ಅಳತೆಗಳಿಗೆ ಸರಾಸರಿ ಮತ್ತು ಸ್ಟಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ), ಉಳಿದದ್ದಕ್ಕೆ ಸಂಖ್ಯೆ ಮತ್ತು ಶೇಕಡಾ. ಎಡ ಬಲ ಹೋಲಿಸಲು ಪೇರ್ಡ್ ಟಿ ಟೆಸ್ಟ್ ಹಾಕುವುದು ತುಂಬಾ ಸಾಮಾನ್ಯವಾದ ತಪ್ಪು. ಪೆಟ್ಟಿಗೆಯ ಎಡ ಮೂಳೆ ಒಬ್ಬರದ್ದು, ಬಲ ಮೂಳೆ ಇನ್ಯಾರದ್ದೋ. ಅವು ಜೋಡಿ ಅಲ್ಲ, ಹಾಗಾಗಿ ಅನ್‌ಪೇರ್ಡ್ ಟಿ ಟೆಸ್ಟ್. ಎಣಿಕೆಗಳನ್ನು ಹೋಲಿಸಲು ಕೈ ಸ್ಕ್ವೇರ್ (chi-square) ಟೆಸ್ಟ್, ಕೋಷ್ಟಕದ ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಮ್ಮಿ ಬಂದರೆ ಫಿಶರ್ ಟೆಸ್ಟ್.

ಬರವಣಿಗೆ

ವಿಧಾನದ ಭಾಗವನ್ನು ಅಳತೆ ಮಾಡುವಾಗಲೇ ಬರೆಯಿರಿ, ಮೂರು ತಿಂಗಳು ಬಿಟ್ಟು ನೆನಪಿನಿಂದ ಅಲ್ಲ. ಅನಾಟಮಿ ಅಧ್ಯಯನಗಳಲ್ಲಿ ಏನೇನು ವರದಿ ಮಾಡಬೇಕು ಅನ್ನುವುದಕ್ಕೆ 2017ರಲ್ಲಿ ಅಕ್ವಾ (AQUA) ಎಂಬ ಚೆಕ್‌ಲಿಸ್ಟ್ ಬಂದಿದೆ. ಬರೆಯುವ ಮೊದಲೇ ಅದನ್ನು ಒಮ್ಮೆ ಓದಿದರೆ ಅರ್ಧ ಕೆಲಸ ಉಳಿಯುತ್ತದೆ. ದೇಹದ ಭಾಗಗಳ ಹೆಸರುಗಳಿಗೆ ಅಂತರರಾಷ್ಟ್ರೀಯ ಹೆಸರುಪಟ್ಟಿ ಟರ್ಮಿನೊಲೋಜಿಯಾ ಅನಾಟಮಿಕಾ ನೋಡಿ. ಮಿತಿಗಳನ್ನು ಮುಚ್ಚಿಡಬೇಡಿ: ಒಣ ಮೂಳೆಯ ಸಂಗ್ರಹದಲ್ಲಿ ಸಾಮಾನ್ಯವಾಗಿ ವಯಸ್ಸು, ಗಂಡೋ ಹೆಣ್ಣೋ ಗೊತ್ತಿರುವುದಿಲ್ಲ. ಚಿತ್ರದಲ್ಲಿ ಅಳತೆಪಟ್ಟಿ ಇರಲಿ, ಮೂಳೆಯ ಮೇಲ್ಭಾಗ ಯಾವ ಕಡೆ ಅಂತ ಬರೆದಿರಲಿ.

ಮೂಳೆ ಬೇಡ, ಡಿಸೆಕ್ಷನ್ ಟೇಬಲ್ಲೇ ಬೇಕು ಅಂದರೆ

ಹೆಣ ಕೊಯ್ದು ನೋಡುವ ಆ ದಾರಿಯೂ ಆಗಬಹುದು. ಸಾಮಾನ್ಯವಾಗಿ ಎರಡೇ ತಲೆ ಇರುವ ತೋಳಿನ ಸ್ನಾಯು ಬೈಸೆಪ್ಸ್‌ಗೆ ಮೂರನೇ ತಲೆ, ತುಂಬಾ ಮೇಲೆಯೇ ಕವಲೊಡೆದ ತೋಳಿನ ರಕ್ತನಾಳ ಬ್ರೇಕಿಯಲ್ ಆರ್ಟರಿ, ಇಂಥವು ಸಿಗುತ್ತವೆ. ಕಷ್ಟ ಏನೆಂದರೆ ಇಲ್ಲಿ ಎರಡನೇ ಅವಕಾಶ ಇಲ್ಲ. ಕತ್ತರಿಸಿದ ಮೇಲೆ ಅಳೆಯಲಾಗದು. ವಿಚಿತ್ರ ಏನಾದರೂ ಕಂಡ ತಕ್ಷಣ ಕತ್ತರಿ ಕೆಳಗಿಡಿ, ಗೈಡ್‌ನ ಕರೆಯಿರಿ, ಅನುಮತಿ ಇದ್ದರೆ ಚಿತ್ರ ತೆಗೆಯಿರಿ, ಆಮೇಲೆ ಮುಂದಿನ ಮಾತು. ಇನ್ನೊಂದು ಬದಿಯಲ್ಲೂ ಹೀಗೇ ಇದೆಯಾ ನೋಡಿ. ಒಂದೇ ದೇಹದಲ್ಲಿ ಕಂಡದ್ದರಿಂದ ಶೇಕಡಾ ಲೆಕ್ಕ ಹಾಕಲು ಬರುವುದಿಲ್ಲ, ಅದು ಕೇಸ್ ರಿಪೋರ್ಟ್ ಅಷ್ಟೇ. ಕಿಟಕಿ ತೆರೆದಿರಲಿ, ಗ್ಲವ್ಸ್ ಇರಲಿ. ಫಾರ್ಮಾಲ್ಡಿಹೈಡ್‌ನಿಂದ ಬರೀ ಕಣ್ಣುರಿ ಅಂತ ಅಂದುಕೊಳ್ಳಬೇಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ.

ಅಳೆದದ್ದನ್ನು ಜೂನಿಯರ್‌ಗಳಿಗೆ ಪಾಠ ಮಾಡುವುದು

ನೂರು ಹ್ಯೂಮರಸ್ ನೋಡಿದ ಮೇಲೆ ಆ ಮೂಳೆ ವಿಷಯದಲ್ಲಿ ನಿಮ್ಮ ಕಣ್ಣು ಪಳಗಿರುತ್ತದೆ. ಇಪ್ಪತ್ತು ನಿಮಿಷದ ಪಾಠ ಮಾಡಿ. ಸ್ಲೈಡ್ ಬೇಡ. ಇಬ್ಬರಿಗೆ ಒಂದು ಮೂಳೆ ಕೊಡಿ.

ಮೊದಲ ಐದು ನಿಮಿಷ ನೀವು ಏನೂ ಹೇಳಬೇಡಿ. "ಕಾಂಡದ ಮೇಲೆ ರಕ್ತನಾಳ ಒಳಹೋಗುವ ಜಾಗ ಹುಡುಕಿ" ಅಂತ ಇಷ್ಟೇ. ಅವರು ತುದಿಯ ಜರಡಿ ತೂತು ತೋರಿಸುತ್ತಾರೆ. ತೋರಿಸಲಿ. ಆಮೇಲೆ ಓರೆ ಬೆಳಕು, ಉಗುರು, ಕಾಲುವೆ ಹೇಳಿಕೊಡಿ. ಸೂಜಿ ಕೊಟ್ಟು ದಿಕ್ಕು ಕೇಳಿ. "ಯಾಕೆ ಮೊಣಕೈ ಕಡೆ?" ಅಂತ ಕೇಳಿ ಸುಮ್ಮನಿರಿ. ಆ ಮೌನವನ್ನು ನೀವೇ ತುಂಬಿಬಿಟ್ಟರೆ ಪಾಠ ಅಲ್ಲಿಗೇ ಮುಗಿಯಿತು. ಯಾರಾದರೂ ಬೆಳವಣಿಗೆ ಅನ್ನುವವರೆಗೆ ಕಾಯಿರಿ. ನಂತರ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದ ಮೂಳೆ ಬರೆದು, ನೀವು ಅಳೆದ ಫೋರಾಮೆನ್‌ಗಳು ಎಲ್ಲೆಲ್ಲಿ ಬಂದವು ಅಂತ ಚುಕ್ಕೆ ಇಡಿ. ಪುಸ್ತಕದ ಒಂದು ಚುಕ್ಕೆ ಅಲ್ಲಿ ಚುಕ್ಕೆಗಳ ಗುಂಪಾಗಿರುತ್ತದೆ.

ಈ ಪಾಠದಿಂದ ಉಪಯೋಗ ಆಯಿತಾ ಅನ್ನುವುದನ್ನೂ ಅಳೆಯಬಹುದು. ಅದು ಬೇರೆಯೇ ಅಧ್ಯಯನ, ಅದಕ್ಕೆ ಬೇರೆ ಅನುಮತಿ ಬೇಕು. "ಪಾಠ ಇಷ್ಟ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಸೀನಿಯರ್ ಎದುರಿಗೇ ಇಲ್ಲ ಅನ್ನುತ್ತಾರಾ? ಇಷ್ಟವಾಗುವುದು ಬೇರೆ, ಕಲಿಯುವುದು ಬೇರೆ. ಪಾಠಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ, ಮುಗಿದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಹೇಳದೆ ಇನ್ನೊಂದು. ಮೂರನೆಯದರಲ್ಲೇ ನಿಜ ಗೊತ್ತಾಗುವುದು. ಬೇರೆ ರೀತಿ ಪಾಠ ಕೇಳಿದ ಗುಂಪಿನ ಜೊತೆ ಹೋಲಿಸುವುದಾದರೆ ಆ ಗುಂಪಿಗೂ ಕೊನೆಗೆ ಇದೇ ಪಾಠ ಸಿಗಬೇಕು. ಯಾರದ್ದೇ ಇಂಟರ್ನಲ್ ಅಂಕ ಇದಕ್ಕೆ ತಳುಕು ಹಾಕಿಕೊಂಡಿರಬಾರದು.

ಪಾಠದ ಕೊನೆಗೆ ಅಂತ ಒಂದು ಮೂಳೆ ತೆಗೆದಿಟ್ಟುಕೊಳ್ಳಿ, ಫೋರಾಮೆನ್ ಇಲ್ಲದ್ದು. ಅದನ್ನು ಕೊಟ್ಟು ಹುಡುಕಲು ಹೇಳಿ. ಎಲ್ಲರೂ ಕಿಟಕಿ ಹತ್ತಿರ ಹೋಗುತ್ತಾರೆ, ಉಗುರು ಎಳೆಯುತ್ತಾರೆ, ತಿರುಗಿಸಿ ತಿರುಗಿಸಿ ನೋಡುತ್ತಾರೆ. ಒಬ್ಬರಾದರೂ ಯಾವುದೋ ಗೀರು ತೋರಿಸಿ "ಇದೇ" ಅನ್ನುತ್ತಾರೆ. ಸರಿ ತಪ್ಪು ಹೇಳಬೇಡಿ. ಅವರ ಕೈಗೆ ಸೂಜಿ ಕೊಡಿ.